ಗುಡ್ಡದ ಬಸ್ಸು

"ಏಯ್, ಕಾಲೆತ್ತೇ! ಒರೆಸಿದ ನೆಲದ ಮೇಲೇ ನಿಂತಿದೀಯಲ್ಲ, ಕತ್ತೆ!"

ಹಸಿಂತಾ ಕಾಲೆತ್ತಿದಳು. ಬೈದ ಒಡತಿ ರೆಬೆಕಾ ಅಷ್ಟರಲ್ಲೇ ಸೋಫಾದ ಕಡೆ ತಿರುಗಿ ನಕ್ಕಾಗಿತ್ತು. ಅಲ್ಲಿ ಸಾರಿಗೆ ಇಲಾಖೆಯವನು ಕಾಫಿ ಹೀರುತ್ತ ಕೂತಿದ್ದ. ಮೆಕ್ಸಿಕೊ ನಗರದ ಯಾವ ಮನೆಯವರು ಎಲ್ಲಿಗೆ, ಯಾತರಲ್ಲಿ ಹೋಗಿಬರುತ್ತಾರೆಂದು ಕೇಳುವುದು ಅವನ ಕೆಲಸ. ಅದನ್ನು ನೋಡಿಯೇ ಬಸ್ಸು ಹಾಕುವುದು, ಕೀಳುವುದು.

"ಈ ಮನೇಲಿ ಬಸ್ಸಿಗೆ ಹೋಗೋರು ಯಾರಾದ್ರೂ?"

"ಅಯ್ಯೋ ದೇವ್ರೇ! ನಮ್ಮ ಗುಡ್ಡದಲ್ಲಿ ನಾಯೀನೂ ಕಾರಲ್ಲೇ ಓಡಾಡುತ್ತೆ. ಆ ದರಿದ್ರ ಬಸ್ಸು ಬರೋದು ಹೊಗೆ ಕಾರೋಕಷ್ಟೆ."

ಹಸಿಂತಾಳ ಕೈಯ ಒರೆಸುಬಟ್ಟೆ ಅಲ್ಲೇ ನಿಂತಿತು. ವರ್ಷಗಟ್ಟಲೆ ಅವಳು ಕೆಲಸಕ್ಕೆ ಬಂದದ್ದು ಅದರಲ್ಲೇ. ಅದು ನಿಂತರೆ ಮೆಟ್ರೋದಿಂದ ಈ ಏರನ್ನೆಲ್ಲ ನಡೆದು ಹತ್ತಬೇಕು, ತಡವಾದರೆ ಕೆಲಸ ಹೋಗುತ್ತದೆ.

"ನಾನ್ ಬತ್ತೀನಿ ಸಾಮಿ. ಈ ಬೀದಿ ಕೆಲ್ಸದೋರೆಲ್ಲ ಅದ್ರಾಗೇ ಬರೋದು."

ಅವನು ತಲೆಯೆತ್ತಲಿಲ್ಲ. "ಇಲ್ಲಿ ಮನೆಯವರದಷ್ಟೇ ಲೆಕ್ಕ. ನಿನ್ನ ಮನೆಗೆ ಬಂದಾಗ ಹೇಳ್ಕೋ."

"ನಮ್ಮನೇಗೆ ಯಾವ ನನ್ಮಗ ಬತ್ತಾನೆ? ಇನ್ನೊಬ್ರ ಗ್ಯಾರೇಜಿನ ಹಿಂದೆ ಬಿದ್ದಿದೀವಿ, ಮನೆ ನಂಬರೂ ಇಲ್ಲ..."

"ಬಾಯ್ಮುಚ್ಚೇ!" ಎಂದಳು ರೆಬೆಕಾ. "ಇಂಥೋರನ್ನ ಒಳಗೆ ಬಿಟ್ಕೊಂಡಿದ್ದೇ ತಪ್ಪು ನೋಡಿ ಸಾರ್."

ಮಳೆಗಾಲಕ್ಕೆ ಬಸ್ಸು ನಿಂತೇಹೋಯಿತು. ಏರಿನುದ್ದಕ್ಕೂ ಫುಟ್‌ಪಾತ್ ಇಲ್ಲ, ಕಾರಿನವರ ಕೇರಿಗೆ ಅದು ಯಾಕೆ ಬೇಕು, ಹೇಳಿ! ಕೆಲಸದ ಹೆಂಗಸರು ಗೋಡೆಗೆ ಅಂಟಿಕೊಂಡು, ಕೆಸರು ಎರಚಿಸಿಕೊಂಡು ಹತ್ತಿದರು. ಹಸಿಂತಾ ತಡವಾಗಿ ಹೋದಾಗ ರೆಬೆಕಾ ಬಾಗಿಲಲ್ಲೇ ಹೇಳಿದಳು: "ಇನ್ನೊಂದ್ಸಲ ಹೀಗಾದ್ರೆ ಹಾಗೇ ವಾಪಸ್ ಹೋಗ್ತಾ ಇರು."

ಮಾರನೆಯ ಬೆಳಿಗ್ಗೆ ಕಾರೊಂದರ ಕನ್ನಡಿ ತಾಗಿ ಪಕ್ಕದ ಮನೆಯ ಅಡುಗೆಯವಳು ಓಟಿಲಿಯಾ ಚರಂಡಿಗೆ ಬಿದ್ದಳು. ಕಾರು ನಿಲ್ಲಲಿಲ್ಲ. ಅವಳ ಬುತ್ತಿಯ ತಮಾಲೆಗಳು, ಜೋಳದ ಕಡುಬುಗಳು, ಕೊಚ್ಚೆಯಲ್ಲಿ ತೇಲಿಹೋದವು.

"ಇನ್ನೂ ಅಂಚಿಗೆ ನಡೀಬೇಕಿತ್ತು ಕಣೇ ನಾನು," ಎಂದು ಅತ್ತಳು.

"ಅಂಚೇನು ಮಣ್ಣು! ಇನ್ನೂ ಅಂಚಿಗೋದ್ರೆ ಗೋಡೆ ಒಳೀಕೇ ಹೋಗ್ಬೇಕು. ಇವ್ರಪ್ಪನ ಮನೆ ರಸ್ತೆಯಾ ಅಕ್ಕಾ ಇದು? ನಡಿ, ನಟ್ಟನಡುವೆ ನಡಿ!"

ಹಸಿಂತಾ ಅವಳ ತೋಳು ಹಿಡಿದು ರಸ್ತೆಯ ಮಧ್ಯಕ್ಕೆ ತಂದಳು. ಗೋಡೆಗಂಟಿದ್ದವರು ಒಬ್ಬೊಬ್ಬರಾಗಿ ಬಂದು ಸೇರಿದರು. ರಸ್ತೆ ತುಂಬಿತು. ಹಾರನ್ನುಗಳು ಬೊಬ್ಬಿಟ್ಟವು. ಮೇಲಿನಿಂದ ಇಳಿದ ಬಿಳಿ ಕಾರೊಂದು ಮುಂದೆಯೇ ಕಿರ್ರೆಂದು ನಿಂತಿತು. ಗಾಜು ಇಳಿಸಿ ರೆಬೆಕಾ ತಲೆ ಹೊರಹಾಕಿದಳು.

"ಹಸಿಂತಾ! ದಾರಿ ಬಿಡೇ ಸೂಳೆ! ಕೆಲಸ ಬೇಕೋ ಬೇಡ್ವೋ?"

ಹಸಿಂತಾಳಿಗೆ ಬೇಕಿತ್ತು, ಆ ಕೆಲಸ ಖಂಡಿತ ಬೇಕಿತ್ತು. ಸೆರಗಿನಂತೆ ಹೊದ್ದ ಶಾಲನ್ನು ಬಿಗಿದುಕೊಂಡು, ಕಾರಿನ ಮೂತಿಯೆದುರು ಒದ್ದೆ ರಸ್ತೆಯ ಮೇಲೆ ಕೂತೇಬಿಟ್ಟಳು.

"ಇಳ್ದು ನಡೀರಿ, ಅಮ್ಮಾವ್ರೆ."