ಭಾನುವಾರ ಎತ್ತುವವರು ಯಾರು

ಸಿಂಗಪುರದ ಜುರಾಂಗ್ ವೆಸ್ಟಿನ ಆ ಬ್ಲಾಕಿನಲ್ಲಿ ಬೆಳಗಾದರೆ ಮುದುಕರನ್ನು ಕೆಳಗೆ ಇಳಿಸುತ್ತಾರೆ. ಕೆಲಸದ ಹೆಣ್ಣುಮಕ್ಕಳು ಗಾಲಿಕುರ್ಚಿ ತಳ್ಳಿಕೊಂಡು ಬಂದು ಕಟ್ಟಡದ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನ ನೆರಳಿನಲ್ಲಿ ನಿಲ್ಲಿಸಿ, ತಾವು ಕಂಬಕ್ಕೊರಗುತ್ತಾರೆ. ಪ್ರಫುಲ್ಲಾ ಅವರ ಅತ್ತೆ ಸೀತಮ್ಮನನ್ನು ಹಾಗೆ ಇಳಿಸುತ್ತಿದ್ದವಳು ವಾತಿ ಎಂಬ ಜಾವಾದ ಹುಡುಗಿ. ಉಡುಪಿ ಕಡೆಯ ಆ ಮುದುಕಿಗೆ ತುಳು ಬಿಟ್ಟು ಬೇರೆ ಮಾತು ಬಾರದು. ವಾತಿ ಅದರಲ್ಲೇ ನಾಲ್ಕು ಮಾತು ಕಲಿತಿದ್ದಳು. ಗಂಜಿ ತಿನ್ನಿಸಿ, ಬಾಯಿ ಒರೆಸಿ, "ಒಣಸ್ ಆಂಡಾ?" ಎನ್ನುತ್ತಿದ್ದಳು. ಊಟವಾಯಿತೇ ಅಂತ. ಮುದುಕಿಗೆ ಅದನ್ನು ಕೇಳಿದರೆ ನಗು.

ಅದೇ ಬ್ಲಾಕಿನ ಜ್ಯೋತ್ಸ್ನಾ ಪಾಯಾ ಲೆಬಾರಿನ ಆಫೀಸಿಗೆ ಹೊರಡುವಾಗ ವಾತಿಯ ಹತ್ತಿರ ನಿಂತು ಮಾತಾಡುತ್ತಿದ್ದಳು. ಮೈಸೂರಿನ ಹುಡುಗಿ, ಅನ್ಯಾಯ ಕಂಡರೆ ಸುಮ್ಮನಿರದವಳು. ವಾತಿಯ ತಂಗಿಯೂ ಇದೇ ಸಿಂಗಪುರದಲ್ಲಿ, ಇನ್ನೊಂದು ತುದಿಯ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಎಂಆರ್‌ಟಿ ರೈಲು ಹತ್ತಿದರೆ ಒಂದು ಗಂಟೆಯ ದಾರಿ. ಆದರೂ ಅಕ್ಕತಂಗಿಯರು ಇಲ್ಲಿಗೆ ಬಂದ ಮೇಲೆ ಮುಖ ನೋಡಿರಲಿಲ್ಲ. ವಾತಿಗೆ ಭಾನುವಾರ ಇರಲಿಲ್ಲ.

ಮನೆಗೆಲಸದವರಿಗೆ ವಾರಕ್ಕೊಂದು ರಜೆ ಎಂದು ಸರ್ಕಾರ ಆ ವರ್ಷವೇ ಕಾನೂನು ತಂದಿತ್ತು. ಆದರೆ ಕೆಲಸದವರು ಒಪ್ಪಿದರೆ ರಜೆಯ ಬದಲು ದುಡ್ಡು ಕೊಡಬಹುದಿತ್ತು. ಒಪ್ಪುವುದಿಲ್ಲ ಎನ್ನಲು ಅವರಲ್ಲಿ ಯಾರಿಗೆ ಧೈರ್ಯ? ಜ್ಯೋತ್ಸ್ನಾ ಒಂದು ಚಿಕ್ಕ ಸಂಘ ಸೇರಿ, ಕನ್ನಡದವರ ಮನೆಮನೆಗೆ ಹೋಗಿ ಭಾನುವಾರ ಬಿಟ್ಟುಕೊಡಿ ಎಂದು ಕೇಳಿದಳು. ಎಲ್ಲರೂ ಕಾಫಿ ಕೊಟ್ಟರು, ಯಾರೂ ಭಾನುವಾರ ಕೊಡಲಿಲ್ಲ. ಆಗ ಸಂಘದವರು ಹೇಳಿಕೊಟ್ಟರು: ಕಾನೂನು, ಅಂಕಿಸಂಖ್ಯೆ ಯಾರ ಎದೆಗೂ ಇಳಿಯುವುದಿಲ್ಲ. ಜನ ಯಾವುದನ್ನು ಒಳ್ಳೆಯದೆಂದು ಆಗಲೇ ನಂಬಿದ್ದಾರೋ ಅಲ್ಲಿಂದ ಶುರುಮಾಡು, ಕಥೆ ಹೇಳು.

ಅದು ಸರಿಯಾದ ಮಾತೇ. ಅವಳು ಎಡವಿದ್ದು ಬೇರೆ ಕಡೆ.

ವರಮಹಾಲಕ್ಷ್ಮಿ ಹಬ್ಬದ ದಿನ ಸುನಂದಾ ಎಂಬವರ ಮನೆಯಲ್ಲಿ ಕನ್ನಡದ ಹೆಂಗಸರೆಲ್ಲ ಸೇರಿದ್ದರು. ವ್ರತದ ಕಥೆ ಕೇಳುವಾಗ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕೂರಬೇಕು. ಕಥೆ ಮುಗಿಯದೆ ಯಾರೂ ಏಳುವಂತಿಲ್ಲ. ಆ ಸಲ ಕಥೆ ಓದುವ ಪಾಳಿ ಜ್ಯೋತ್ಸ್ನಾಳದು. ವ್ರತದ ಕಥೆ ಮುಗಿಯುತ್ತಿದ್ದಂತೆ, ಅಕ್ಷತೆ ಹಾಕಲು ಬಿಡದೆ, ಇನ್ನೊಂದು ಚಿಕ್ಕದಿದೆ ಎಂದಳು. ಒಂದು ಊರಿನಲ್ಲಿ ಒಬ್ಬ ಸೊಸೆ. ಪರದೇಶದ ಒಬ್ಬ ಹುಡುಗಿ ಅವಳ ಅತ್ತೆಯನ್ನು ಮಗಳಂತೆ ನೋಡಿಕೊಳ್ಳುತ್ತಿದ್ದಳು. ಸೊಸೆ ಮಾತ್ರ ಆ ಹುಡುಗಿಗೆ ಒಡಹುಟ್ಟಿದವಳ ಮುಖ ನೋಡಲು ಒಂದು ದಿನವನ್ನೂ ಕೊಡಲಿಲ್ಲ. ಹೆಸರು ಹೇಳಲಿಲ್ಲ. ಆದರೆ ಆ ಹುಡುಗಿ ತುಳುವಿನಲ್ಲಿ ಊಟವಾಯಿತೇ ಎಂದು ಕೇಳುತ್ತಿದ್ದಳು ಎಂದುಬಿಟ್ಟಳು. ಕಥೆಗೆ ಅದೊಂದು ಚೆಂದ ಎನಿಸಿತ್ತು ಅವಳಿಗೆ. ತುಳು ಆಡುವ ಜಾವಾದ ಹುಡುಗಿ ಎಷ್ಟು ಮನೆಯಲ್ಲಿ ಇದ್ದಾಳು?

ಕುತ್ತಿಗೆಗಳೆಲ್ಲ ಪ್ರಫುಲ್ಲಾ ಕಡೆ ತಿರುಗಿದವು. ಅವರು ಮುಷ್ಟಿ ಬಿಗಿಹಿಡಿದು ಕೊನೆಯವರೆಗೆ ಕೂತಿದ್ದರು. ಆಮೇಲೆ ಅಕ್ಷತೆ ದೇವರಿಗೆ ಹಾಕಿ, ತಾಂಬೂಲ ತೆಗೆದುಕೊಳ್ಳದೆ ಹೋದರು.

ಆ ವಾರ ಮುಗಿಯುವುದರೊಳಗೆ ಪ್ರಫುಲ್ಲಾ ವಾತಿಯನ್ನು ಕೆಲಸ ಬಿಡಿಸಿ ಊರಿಗೆ ಕಳಿಸಿದ್ದರು. ಮನೆಯ ಮಾತು ಹೊರಗೆ ಹಾಕಿದವಳಿಗೆ ಇನ್ನೊಂದು ಮನೆ ಸೇರಲು ಬೇಕಾದ ಹಳೆ ಮನೆಯವರ ಒಪ್ಪಿಗೆಯನ್ನೂ ಕೊಡಲಿಲ್ಲ. ವಿಮಾನ ಹತ್ತುವ ಮೊದಲು ತಂಗಿಯನ್ನು ನೋಡಿದಳೋ ಎಂದು ಜ್ಯೋತ್ಸ್ನಾ ಕೆಳಗಿದ್ದ ಹುಡುಗಿಯರನ್ನು ಕೇಳಿದಳು. ಒಬ್ಬಳು ತಲೆಯಾಡಿಸಿದಳು, ಇಲ್ಲ ಎಂದು. ಉಳಿದವರು ಗಾಲಿಕುರ್ಚಿಗಳನ್ನು ಆಚೆ ತಿರುಗಿಸಿಕೊಂಡರು. ಅವಳ ಜೊತೆ ಮಾತಾಡುವುದು ಅಪಾಯ ಎಂದು ಅವರಿಗೆ ತಿಳಿದುಹೋಗಿತ್ತು.

ಜ್ಯೋತ್ಸ್ನಾ ಪ್ರಫುಲ್ಲಾ ಅವರ ಮನೆಗೆ ಹೋದಳು. ಅವರು ಬಾಗಿಲು ತೆಗೆದರು, ನೀರು ಬೇಕೇ ಎಂದು ಕೇಳಲಿಲ್ಲ.

"ನೀನು ಹೇಳಿದ್ದು ಸುಳ್ಳಲ್ಲ. ಆದ್ರೆ ಅದು ನಿನ್ನ ಕಥೆ ಅಲ್ಲ," ಎಂದರು. "ನನ್ನದು, ವಾತೀದು. ಯಾರನ್ನ ಕೇಳಿ ಹೇಳ್ದೆ?"

"ತಪ್ಪಾಯ್ತು ಆಂಟಿ. ಆದ್ರೆ ಅವಳನ್ನ ಕಳಿಸಬಾರದಿತ್ತು."

"ಹೌದು, ಕಳಿಸಬಾರದಿತ್ತು. ಅವಮಾನ ಆದಾಗ ಸಿಟ್ಟು ಕೈಗೆ ಸಿಕ್ಕವರ ಮೇಲೆ ಹೋಗುತ್ತೆ. ನೀನು ಸಿಗಲಿಲ್ಲ, ಅವಳು ಸಿಕ್ಕಿದ್ಳು. ನನ್ನ ರಾಕ್ಷಸಿ ಮಾಡೋ ಮೊದ್ಲು ಒಂದ್ ಮಾತು ಕೇಳಬೇಕಿತ್ತು ಜ್ಯೋತ್ಸ್ನಾ. ಸಂಡೆ ಅತ್ತೆನ ಯಾರು ಎತ್ತುತಾರೆ ಅಂತ."

ಗಂಡ ದ್ವಾರಕನಾಥ್‌ಗೆ ಕಾರ್ಖಾನೆಯಲ್ಲಿ ಭಾನುವಾರವೂ ಶಿಫ್ಟ್. ಪ್ರಫುಲ್ಲಾಗೆ ಸೊಂಟದ ನೋವು. ಒಳಗಿನಿಂದ ಮುದುಕಿ ಕೂಗಿದಳು. ಇಬ್ಬರೂ ಹೋಗಿ ಎತ್ತಿದರು. ಎಲ್ಲಿ ಹಿಡಿಯಬೇಕೆಂದು ಜ್ಯೋತ್ಸ್ನಾಗೆ ತಿಳಿಯಲಿಲ್ಲ; ಮೂಳೆಯಷ್ಟೇ ಇದ್ದ ಆ ದೇಹ ಅಷ್ಟು ಭಾರವಿರಬಹುದೆಂದು ಅವಳು ಎಣಿಸಿರಲಿಲ್ಲ. ವಾತಿ ಎಲ್ಲಿ ಎಂದು ಮುದುಕಿ ತುಳುವಿನಲ್ಲಿ ಕೇಳಿದಳು. ಮಾರ್ಕೆಟ್ಟಿಗೆ ಹೋಗಿದ್ದಾಳೆ ಎಂದರು ಪ್ರಫುಲ್ಲಾ.

ಹೆಂಗಸರೆಲ್ಲ ಮತ್ತೆ ಭಜನೆಗೆ ಸೇರಿದ ದಿನ ಸುನಂದಾ ಎಲ್ಲರೆದುರಿಗೆ ಕೇಳಿದರು, "ಇವತ್ತು ಯಾರ ಮನೆ ಕಥೆ ಜ್ಯೋತ್ಸ್ನಾ? ಮೊದ್ಲೇ ಹೇಳು, ಕಿಟಕಿ ಮುಚ್ಚಿ ಬರ್ತೀವಿ."

ಎಲ್ಲರೂ ನಕ್ಕರು. ನಗು ನಿಲ್ಲುವವರೆಗೂ ಜ್ಯೋತ್ಸ್ನಾ ಕಾದಳು.

"ನಾನು ಹೇಳಲ್ಲ ಆಂಟಿ. ಕೇಳಕ್ಕೆ ಬಂದೆ. ನಿಮ್ಮ ಮನೇಲಿ ಸಂಡೆ ಕಷ್ಟ ಏನು?"

ಮೊದಲು ಮಾತಾಡಿದ್ದು ಸುನಂದಾ ಅವರೇ. ಮಾವ ಶಿವರಾಮ್ ಅವರಿಗೆ ಮರೆವು. ಒಂದು ಸಲ ಬಾಗಿಲು ತೆಗೆದು ಹೋಗಿ, ಎಂಆರ್‌ಟಿ ಹತ್ತಿ, ಬ್ಯೂನಾ ವಿಸ್ಟಾ ನಿಲ್ದಾಣದಲ್ಲಿ ತಮ್ಮ ಊರಿನ ಬಸ್ಸಿಗೆ ಕಾಯುತ್ತ ನಿಂತಿದ್ದರಂತೆ. ಅಂದಿನಿಂದ ಕೆಲಸದವಳು ಬಾಗಿಲು ಕಾಯುತ್ತಾಳೆ, ಭಾನುವಾರವೂ. ಹೇಳುತ್ತ ಅವರ ದನಿ ಸಣ್ಣದಾಯಿತು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮನೆ ಬೇರೆಯಾದರೂ ಭಯ ಒಂದೇ. ಹಿರಿಯರನ್ನು ಕೈಬಿಡಬಾರದೆಂದು ಎಲ್ಲರೂ ನಂಬಿದ್ದರು. ಅದಕ್ಕಾಗಿ ಇನ್ನೊಬ್ಬಳ ಕೈ ಹಿಡಿದಿಟ್ಟುಕೊಂಡಿದ್ದರು.

"ಭಾನುವಾರ ನಾನು ಬರ್ತೀನಿ," ಎಂದಳು ಜ್ಯೋತ್ಸ್ನಾ. "ಒಬ್ಬೊಬ್ಬರ ಮನೇಲಿ ಒಬ್ಬೊಬ್ಬರು ಕೂತ್ರೆ ಆಗಲ್ವಾ?"

ಭಜನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಪ್ರಫುಲ್ಲಾ ಅವಳ ಮುಖ ನೋಡದೆ ಹೇಳಿದರು, "ಬೆಳಿಗ್ಗೆ ಬೇಗ ಬಾ. ತಡ ಆದ್ರೆ ಅತ್ತೆ ಒದ್ದೆಯಲ್ಲೇ ಇರ್ತಾರೆ."

ಅವರ ಮನೆಗೆ ಆಗ ಬರ್ಮಾದಿಂದ ಥಿರಿ ಎಂಬ ಹುಡುಗಿ ಹೊಸದಾಗಿ ಬಂದಿದ್ದಳು. ಆ ಭಾನುವಾರ ಬೆಳಿಗ್ಗೆ ಜ್ಯೋತ್ಸ್ನಾ ಬಂದ ಮೇಲೆ, ಇವತ್ತು ನಿನಗೆ ರಜೆ, ಹೋಗಿ ಬಾ ಎಂದು ಪ್ರಫುಲ್ಲಾ ಅವಳಿಗೆ ಹೇಳಿದರು. ಹುಡುಗಿ ಒಳಗೆ ಹೋಗಿ, ತಂದ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಾಗಿಲ ಬಳಿ ನಿಂತಳು. ಕಣ್ಣು ತುಂಬಿತ್ತು. ತಾನು ಮಾಡಿದ ತಪ್ಪೇನು ಎಂದು ಮೆಲ್ಲಗೆ ಕೇಳಿದಳು. ಇಲ್ಲಿಂದ ಹಿಂದಿನವಳು ಹೋದದ್ದು ಹೇಗೆಂದು ಕೆಳಗಿನ ಹುಡುಗಿಯರು ಅವಳಿಗೆ ಹೇಳಿದ್ದರು.

ಪ್ರಫುಲ್ಲಾ ಮೊಳೆಗೆ ನೇತುಹಾಕಿದ್ದ ಮನೆಯ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು. ಚೀಲ ಇಲ್ಲೇ ಇರಲಿ ಎಂದು ಕೈ ಚಾಚಿದರು. ಥಿರಿ ಕೀಲಿ ತೆಗೆದುಕೊಂಡಳು, ಚೀಲ ಕೊಡಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡೇ ಲಿಫ್ಟಿನ ಕಡೆ ನಡೆದಳು.

ಕಾರಿಡಾರಿನ ಮೋಟುಗೋಡೆಗೆ ಒರಗಿ ಪ್ರಫುಲ್ಲಾ ಕೆಳಗೆ ನೋಡಿದರು. ಹುಡುಗಿ ರಸ್ತೆ ದಾಟಿ, ಚೀಲದ ಭಾರಕ್ಕೆ ಒಂದು ಪಕ್ಕ ವಾಲಿಕೊಂಡು, ಬಸ್ಸಿನವರೆಗೂ ಹಿಂತಿರುಗಿ ನೋಡದೆ ಹೋದಳು.

"ಬಾ," ಎಂದರು ಜ್ಯೋತ್ಸ್ನಾಗೆ, ಒಳಗೆ ಬರುತ್ತ. "ಅತ್ತೆನ ಆ ಮಗ್ಗುಲಿಗೆ ತಿರುಗಿಸ್ಬೇಕು."