ಟೈಲ್ಸಿನ ಮೇಲೆ ಸಗಣಿ

ನಾಯಿಯ ಹೆಸರು ಶೇರು, ಹಿಂದಿಯಲ್ಲಿ ಸಿಂಹ ಎಂದರ್ಥ. ಇಟ್ಟವರು ನಾವಲ್ಲ, ಬಿಣಗಾದವರು. ನನ್ನ ಗಂಡ ಕುಮಾರನ ಜೊತೆ ಕೆಲಸ ಮಾಡುತ್ತಿದ್ದ ಬಿಣಗಾದ ಕಿಶೋರನಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಮನೆಯಲ್ಲಿ ನಾಯಿ ಸಾಕುವ ಹಾಗಿಲ್ಲ. ಬೆಳೆದ ನಾಯಿಯನ್ನು ಯಾರು ಕೇಳುತ್ತಾರೆ? ಎಲ್ಲರಿಗೂ ಮರಿಯೇ ಬೇಕು. ಕಿಶೋರನ ಹೆಂಡತಿ ಅಮಿತಾ ಫೋನಿನಲ್ಲಿ ಅತ್ತಳು. ನಮ್ಮೂರು ಕದ್ವಾಡಕ್ಕೆ ಕಳಿಸು, ನಾನು ನೋಡಿಕೊಳ್ಳುತ್ತೇನೆ ಎಂದೆ.

"ಒಂದೇ ಮಾತು ಸಂಧ್ಯಾ, ರಾತ್ರಿ ಮಾತ್ರ ಒಳಗೇ ಮಲಗಿಸ್ಬೇಕು" ಅಂದಳು.

ಅದನ್ನು ಅವಳು ನನಗೆ ಹೇಳಬೇಕಾಗಿರಲಿಲ್ಲ. ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ. ಹಿಂದಿನ ಮಳೆಗಾಲದಲ್ಲಿ ನಮ್ಮ ನಾಯಿ ಕಾಳ್ಯಾನನ್ನು ಚಿರತೆ ಜಗಲಿಯಿಂದಲೇ ಒಯ್ದಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಸರಪಳಿ ಇತ್ತು, ನಾಯಿ ಇರಲಿಲ್ಲ. ಅತ್ತೆ ಹೊನ್ನಮ್ಮ ಆ ದಿನ ಗಂಜಿಯನ್ನೂ ಮುಟ್ಟಲಿಲ್ಲ. ನಾನು ಉಂಡೆ, ಕೆಲಸವನ್ನೂ ಮಾಡಿದೆ, ಆದರೆ ಇನ್ನೊಂದು ನಾಯಿಯನ್ನು ಹಾಗೆ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಶೇರು ಒಳಗೆ ಮಲಗಬೇಕು. ಆಗದಿದ್ದರೆ ಅವನು ನಮ್ಮ ಮನೆಯಲ್ಲಿ ಇರಬಾರದು.

ಅವನು ಬರುವ ದಿನ ನಾನು ನಡುಮನೆಯ ನೆಲವನ್ನು ಎರಡೆರಡು ಸಲ ಒರೆಸಿದೆ. ಈ ಟೈಲ್ಸಿಗಾಗಿ ನಾನು ಅತ್ತೆಯ ಜೊತೆ ಆಡಿದ ಜಗಳ ಊರಿಗೆಲ್ಲ ಗೊತ್ತು. ಅವರಿಗೆ ಸಗಣಿ ನೆಲವೇ ಬೇಕಿತ್ತು. ಹೊಸ ಮನೆ ಕಟ್ಟಿ ಸಗಣಿ ಸಾರಿಸುತ್ತಾ ಕೂರುವವಳು ನಾನಲ್ಲ ಎಂದು ಹಟ ಹಿಡಿದು ಗೆದ್ದವಳು ನಾನು. ಬಿಳಿ ಟೈಲ್ಸ್. ಒರೆಸುವ ನೀರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಮೇಲಿನ ಫ್ಯಾನು ಕೆಳಗೂ ತಿರುಗುತ್ತದೆ. ಅವತ್ತು ನಾಯಿ ಬರುವ ಸಂಭ್ರಮಕ್ಕೆ ಎಣ್ಣೆ ನಾಲ್ಕು ಹನಿ ಬಿದ್ದಿತ್ತು.

ಶೇರು ಅಂಗಳದಲ್ಲಿ ಬಾಲ ಆಡಿಸಿದ, ಜಗಲಿ ಹತ್ತಿದ, ಹೊಸ್ತಿಲು ದಾಟಿ ಒಂದು ಕಾಲು ಒಳಗಿಟ್ಟ. ಇಟ್ಟ ಕಾಲಿನ ಕೆಳಗೆ ಇನ್ನೊಂದು ನಾಯಿ. ತಲೆ ಎತ್ತಿದರೆ ಎದುರಿನ ಕಪಾಟಿನ ಕನ್ನಡಿಯಲ್ಲಿ ಮತ್ತೊಂದು. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಕುಮಾರನ ಕೈಯಿಂದ ಹಗ್ಗ ಕಿತ್ತುಕೊಂಡು ಗದ್ದೆಯವರೆಗೆ ಓಡಿದ.

"ಹೆಸರು ಶೇರು, ಓಡೂದು ಮೊಲದ ಹಾಂಗೆ" ಅಂದ ಕುಮಾರ. ನನಗೆ ನಗು ಬರಲಿಲ್ಲ.

ಬಿಣಗಾದ ಅವರ ಕೋಣೆಯಲ್ಲಿ ಸಿಮೆಂಟು ನೆಲ, ಕನ್ನಡಿ ಆಳೆತ್ತರದಲ್ಲಿ ಗೋಡೆಗೆ ಮೊಳೆ ಹೊಡೆದದ್ದು. ಪಾಪ, ಅವನು ತನ್ನನ್ನು ತಾನು ನೋಡಿಕೊಂಡದ್ದು ಅದೇ ಮೊದಲು ಇರಬೇಕು.

ಆ ಕಪಾಟು ಮದುವೆಗೆ ಅಂಕೋಲೆಯ ನನ್ನ ತವರಿನವರು ಕೊಟ್ಟದ್ದು. ಬಾಗಿಲಿಗೆ ಸರಿಯಾಗಿ ಎದುರು ನಿಲ್ಲಿಸಿದ್ದು ಅತ್ತೆ. ಬಂದವರ ಕೆಟ್ಟ ಕಣ್ಣು ಕನ್ನಡಿಗೆ ಬಡಿದು ಬಂದ ದಾರಿಯಲ್ಲೇ ಹೊರಗೆ ಹೋಗಬೇಕಂತೆ. ನಾನು ಹಳೆಯ ಸೀರೆ ತಂದು ಕನ್ನಡಿಗೆ ಹೊದೆಸಿದೆ. ನೀರು ತರುವಷ್ಟರಲ್ಲಿ ಅವರು ಅದನ್ನು ಎಳೆದು ಮಡಚಿಟ್ಟಿದ್ದರು.

"ಕನ್ನಡಿ ಮುಚ್ಚಿದ್ರೆ ಬಂದವ್ರ ಕಣ್ಣು ಎಲ್ಲಿಗೆ ಹೋಗ್ಬೇಕು? ನನ್ನ ಮೈಮೇಲಾ?"

"ನಿಮ್ಮ ಮೈಮೇಲೆ ಬೀಳೂಕೆ ಯಾರಿಗೂ ಧೈರ್ಯ ಇಲ್ಲ" ಅಂದೆ.

ಕೊನೆಗೆ ದೀಪ ಹಚ್ಚಿದ ಮೇಲೆ ಮುಚ್ಚಬಹುದು, ಆಗ ಯಾರೂ ಬರುವುದಿಲ್ಲ ಎಂದು ಒಪ್ಪಿಕೊಂಡರು. ಆದರೆ ಕನ್ನಡಿ ಮುಚ್ಚಿದರೂ ನೆಲ ಹಾಗೇ ಇತ್ತಲ್ಲ. ಚಾಪೆ ಹಾಸಿದೆ. ಟೈಲ್ಸಿನ ಮೇಲೆ ಚಾಪೆ ಜಾರಿತು, ಅಂಚಿನಲ್ಲಿ ಆ ಇನ್ನೊಂದು ನಾಯಿಯ ಮುಖ ಕಂಡಿತು, ಶೇರು ಮತ್ತೆ ಹೊರಗೆ. ಕುಮಾರ ಎತ್ತಿಕೊಂಡು ಒಳಗೆ ತಂದ. ಎದೆಯ ಮೇಲೆಲ್ಲ ಪರಚಿಸಿಕೊಂಡು ಕೆಳಗಿಳಿಸಿದ. ನಾಯಿ ಕಾಲೂರಲಾಗದೆ ನಾಲ್ಕು ಕಡೆಗೆ ನಾಲ್ಕು ಕಾಲು ಚಾಚಿ ಬಿದ್ದು ಕೂಗಿದ ಕೂಗಿಗೆ ಆಚೆ ಮನೆಯ ತಿಮ್ಮು ಓಡಿ ಬಂದ. ಇನ್ನು ಎತ್ತಿ ತರುವುದು ಬೇಡ, ಹೆದರಿದವನನ್ನು ಎಳೆದರೆ ಹೆದರಿಕೆ ಹೆಚ್ಚೇ ಆಗುತ್ತದೆ ಎಂದು ನಾನು ಗಂಡನಿಗೆ ಖಡಾಖಂಡಿತವಾಗಿ ಹೇಳಿದೆ.

ಹಾಗಾಗಿ ರಾತ್ರಿಯಾದರೆ ಕುಮಾರ ಟಾರ್ಚು, ಕತ್ತಿ ಇಟ್ಟುಕೊಂಡು ಜಗಲಿಯಲ್ಲಿ ನಾಯಿಯ ಪಕ್ಕ ಮಲಗತೊಡಗಿದ. ಬೆಳಗಿನ ಪಾಳಿಗೆ ಕೆಂಪು ಕಣ್ಣು ಮಾಡಿಕೊಂಡು ಹೋಗುತ್ತಿದ್ದ. ಅಷ್ಟರಲ್ಲಿ ತಿಮ್ಮುವಿನ ಕೊಟ್ಟಿಗೆಯಿಂದ ಕರು ಹೋಯಿತು.

"ಹುಲಿ ಇಲ್ಲೇ ಸುತ್ತು ಹಾಕ್ತಾ ಅದೆ" ಅಂದ ಕುಮಾರ. ನಮ್ಮಲ್ಲಿ ಚಿರತೆಗೂ ಹುಲಿ ಎಂದೇ ಹೇಳುವುದು. "ನಂಗೂ ಜೀವ ಅದೆ ಮಾರಾಯ್ತಿ. ಭಾನುವಾರ ಕೋಡಿಬಾಗದಲ್ಲಿ ಬಿಟ್ಟು ಬರ್ತೆ. ನದಿ ಬದಿಗೆ ಮೀನು ಮಾರೂರು ಇರ್ತ್ರು, ತಲೆ ಬಾಲ ಹಾಕ್ತ್ರು."

ಬಿಟ್ಟು ಬರುವುದು ಎಂದರೆ ಬೀದಿಗೆ ಹಾಕುವುದು. ಒಂದು ಮನೆ ಕಳೆದುಕೊಂಡು ಬಂದವನಿಗೆ ಇನ್ನೊಂದನ್ನೂ ಇಲ್ಲ ಮಾಡುವುದು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅವನ ಮೇಲೆ ಹರಿಹಾಯಲು ಬಾಯಿ ಬರಲಿಲ್ಲ. ಹೊರಗೆ ಮಲಗುತ್ತಿದ್ದವನು ಅವನು, ನಾನಲ್ಲ.

ಸಿಟ್ಟಿನಲ್ಲೇ ಹಿತ್ತಲಿಗೆ ಹೋದೆ. ಅಲ್ಲಿ ಭತ್ತ ಬೇಯಿಸುವ ಚಪ್ಪರವಿದೆ, ಗೋಡೆ ಇಲ್ಲ, ನಾಲ್ಕು ಕಂಬ ಅಷ್ಟೇ. ಅದರ ನೆಲವನ್ನು ಅತ್ತೆ ಇವತ್ತಿಗೂ ವಾರಕ್ಕೊಮ್ಮೆ ಸಾರಿಸುತ್ತಾರೆ. ಶೇರು ನಡುಮಧ್ಯೆ ಅಂಗಾತ ಬಿದ್ದು, ಹೊಟ್ಟೆ ಮೇಲೆ ಮಾಡಿ ನಿದ್ದೆ ಹೊಡೆಯುತ್ತಿದ್ದ. ನಮ್ಮ ಮನೆಗೆ ಬಂದ ಮೇಲೆ ಅವನು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಸಗಣಿ ನೆಲದಲ್ಲಿ ಯಾವ ನಾಯಿಯೂ ಕಾಣುವುದಿಲ್ಲ, ಕಾಲೂ ಜಾರುವುದಿಲ್ಲ. ನೋಡುತ್ತಾ ನಿಂತೆ. ಏನು ಮಾಡಬೇಕೆಂದು ತಿಳಿಯಿತು, ಮಾಡಲು ಮಾತ್ರ ಮನಸ್ಸು ಬರಲಿಲ್ಲ. ಹಟ ಹಿಡಿದು ಹಾಕಿಸಿದ ಟೈಲ್ಸು.

ಕೊಟ್ಟಿಗೆಗೆ ಹೋಗಿ ಬುಟ್ಟಿ ತುಂಬಾ ಸಗಣಿ ತಂದೆ.

ನಾನು ಸೀರೆ ಎತ್ತಿ ಕಟ್ಟಿ, ಮೊಣಕಾಲೂರಿ ನಡುಮನೆ ಸಾರಿಸುತ್ತಿದ್ದರೆ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಗೆದ್ದ ಮಾತು ಒಂದಾದರೂ ಬರುತ್ತದೆ ಎಂದು ಕಾದೆ. ಬರಲಿಲ್ಲ.

"ನೀರು ಹೆಚ್ಚಾಯ್ತು. ಒಣಗಿದ್ರೆ ಹಪ್ಪಳ ಎದ್ದಾಂಗೆ ಏಳ್ತದೆ. ಸರಿ, ಆಚೆ ಸರಿ" ಎಂದು ತಾವೇ ಕೂತರು. ಅವರ ಕೈ ಹೋದಲ್ಲೆಲ್ಲ ಒಂದೇ ದಪ್ಪ, ನನ್ನದು ಅಡ್ಡಾದಿಡ್ಡಿ. ಇಬ್ಬರೂ ಸೇರಿ ಬಾಗಿಲಿಂದ ಕಪಾಟಿನವರೆಗೆ ಮುಗಿಸಿದೆವು. ಕನ್ನಡಿಗೆ ಸೀರೆಯನ್ನು ಅವರೇ ಹೊದೆಸಿದರು, ದೀಪ ಹಚ್ಚುವ ಮೊದಲೇ.

ನೆಲ ಆರಿದ ಮೇಲೆ ಶೇರು ಹೊಸ್ತಿಲಲ್ಲಿ ನಿಂತು ಮೂಸಿದ. ಒಂದು ಕಾಲಿಟ್ಟ, ಕೆಳಗೆ ನೋಡಿದ. ಯಾರೂ ಇಲ್ಲ. ಇನ್ನೊಂದು ಕಾಲಿಟ್ಟ. ನಾವು ಮೂವರೂ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು. ಅವನು ನಡುಮನೆಯನ್ನು ಒಂದು ಸುತ್ತು ಹಾಕಿ, ಅತ್ತೆಯ ಕಾಲಿನ ಹತ್ತಿರ ಧೊಪ್ಪೆಂದು ಬಿದ್ದುಕೊಂಡ. ಕುಮಾರ ಎದ್ದು ಬಾಗಿಲು ಹಾಕಿದ. ಅವತ್ತು ನಾವೆಲ್ಲ ನಿದ್ದೆ ಮಾಡಿದೆವು.

ಅಂಕೋಲೆಯಿಂದ ಬಂದ ನನ್ನ ತಂಗಿ ಮಂಗಲಾ ನೆಲ ನೋಡಿ, "ಅಕ್ಕಾ, ತಲೆ ಸರಿ ಇದ್ಯನೇ?" ಎಂದು ಕೇಳಿದಳು. ಸರಿ ಇಲ್ಲ, ಚಾ ಕುಡಿ ಎಂದೆ.

ಆಮೇಲಿನದು ಅವಸರವಿಲ್ಲದ ಕೆಲಸ. ಸಗಣಿ ಏಳುತ್ತಾ ಹೋದಂತೆ ಗೋಡೆಯ ಕಡೆಯಿಂದ ಒಂದೊಂದು ಸಾಲು ಟೈಲ್ಸನ್ನು ಸಾರಿಸದೆ ಬಿಟ್ಟೆ. ಎಣ್ಣೆ ಹಾಕಲಿಲ್ಲ, ಬರೀ ನೀರು. ಅವನು ಮೊದಲು ದೂರದಿಂದ ಕತ್ತು ಚಾಚಿ ನೋಡುತ್ತಿದ್ದ, ಆಮೇಲೆ ಒಂದು ಕಾಲು ಇಟ್ಟು ತೆಗೆಯುತ್ತಿದ್ದ. ಬಿಳಿ ಟೈಲ್ಸಿನ ಮೇಲೆ ಒಣಮೀನಿನ ಚೂರು ಇಡುತ್ತಿದ್ದೆ. ಕೆಳಗಿನ ನಾಯಿಗೂ ಮೇಲಿನ ನಾಯಿಗೂ ಒಟ್ಟಿಗೇ ಬಾಯಿ ಹಾಕುವ ಪರಿಸ್ಥಿತಿ ಬಂತು. ತಿಂದು ಮುಗಿಸಿದ್ದು ತಾನೇ ಎಂದು ಅವನಿಗೆ ಖಾತ್ರಿಯಾಗಲು ಹಲವು ಚೂರು ಬೇಕಾದವು.

ಕನ್ನಡಿಯದು ಇನ್ನೂ ಕಷ್ಟ. ಸೀರೆಯನ್ನು ಕೆಳಗಿನಿಂದ ದಿನಕ್ಕೊಂದು ಮಡಿಕೆ ಎತ್ತಿದೆ. ಮೊದಲು ಕಾಲು ಮಾತ್ರ ಕಂಡವು, ಗುರುಗುಟ್ಟಿದ. ಮುಖ ಕಂಡ ದಿನ ನನ್ನ ಹಿಂದೆ ಅಡಗಿದ. ನಾನು ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳತೊಡಗಿದೆ. ಅವನು ಬೆನ್ನ ಹಿಂದಿನಿಂದ ಇಣುಕಿದ. ಕನ್ನಡಿಯಲ್ಲಿ ನನ್ನನ್ನು ನೋಡಿದ, ತಿರುಗಿ ನನ್ನನ್ನೇ ನೋಡಿದ, ಮತ್ತೆ ಕನ್ನಡಿ ನೋಡಿದ. ನಂತರ ಅಲ್ಲಿದ್ದ ನನಗೆ ನಿಧಾನವಾಗಿ ಬಾಲ ಆಡಿಸಿದ. ತನ್ನನ್ನು ತಾನು ಗುರುತಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಇರುವ ಕಡೆ ಹೆದರಬೇಕಾಗಿಲ್ಲ ಎಂದು ಲೆಕ್ಕ ಹಾಕಿರಬೇಕು. ಅತ್ತೆಗೆ ಕಾಣದಂತೆ ಬಾಚಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದೆ.

ಮಳೆ ಹಿಡಿಯುವ ಹೊತ್ತಿಗೆ ನೆಲ ಪೂರ್ತಿ ಬಿಳಿಯಾಗಿತ್ತು, ಕನ್ನಡಿಯ ಮೇಲೆ ಸೀರೆ ಇರಲಿಲ್ಲ. ಆದರೂ ನನ್ನ ಮನಸ್ಸಿಗೆ ಪೂರ್ತಿ ನೆಮ್ಮದಿ ಇರಲಿಲ್ಲ. ಮೀನಿನ ಆಸೆಗೆ ಒಳಗೆ ಬರುವುದು ಬೇರೆ. ನಿಜವಾಗಿ ಜೀವಕ್ಕೆ ಕುತ್ತು ಬಂದಾಗ ಇವನು ಯಾವ ಕಡೆ ಓಡುತ್ತಾನೆ?

ಒಂದು ಬೆಳಿಗ್ಗೆ ಮಳೆ ಬಿಟ್ಟಿತ್ತು. ಬಾಗಿಲು ತೆಗೆದ ಅತ್ತೆ ಅಲ್ಲೇ ನಿಂತುಬಿಟ್ಟರು. ಅಂಗಳದ ಕೆಸರಿನಲ್ಲಿ ಹೆಜ್ಜೆಗಳು, ದುಂಡಗೆ, ಉಗುರಿನ ಗುರುತಿಲ್ಲದೆ, ಚಿರತೆಯದೇ. ಹಲಸಿನ ಮರದ ಕಡೆಯಿಂದ ಬಂದು, ಜಗಲಿ ಹತ್ತಿ, ನಮ್ಮ ಬಾಗಿಲವರೆಗೆ.

ನಾವು ತಡೆಯುವ ಮೊದಲೇ ಶೇರು ಹೊರಗೆ ಹೋದ. ಅಂಗಳಕ್ಕಿಳಿದು ಒಂದು ಹೆಜ್ಜೆಗೆ ಮೂಗು ಹಚ್ಚಿದ. ಬೆನ್ನ ಮೇಲಿನ ಕೂದಲು ಕುತ್ತಿಗೆಯಿಂದ ಬಾಲದವರೆಗೆ ಎದ್ದು ನಿಂತಿತು. ಎದುರಿಗೆ ಗದ್ದೆ ಇತ್ತು, ಹಿಂದೆ ಮನೆ.

ಅವನು ಬಾಲ ಹೊಟ್ಟೆಗೆ ಸಿಕ್ಕಿಸಿಕೊಂಡು, ನಮ್ಮ ಕಾಲುಗಳ ಸಂದಿಯಿಂದ ನುಗ್ಗಿ, ಕೆಸರು ಕಾಲಲ್ಲಿ ಬಿಳಿ ಟೈಲ್ಸಿನ ಮೇಲೆ ನೇರವಾಗಿ ಓಡಿ, ಕನ್ನಡಿಯಲ್ಲಿ ಎದುರಿಂದ ಓಡಿ ಬರುತ್ತಿದ್ದ ನಾಯಿಯನ್ನು ಲೆಕ್ಕಿಸದೆ ಕಪಾಟಿಗೆ ಮೈ ಒತ್ತಿ ಮಲಗಿದ. ನಾನು ಟೈಲ್ಸಿನ ಮೇಲಿನ ಆ ಕೆಸರಿನಲ್ಲೇ ಕೂತು ಅವನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಇನ್ನೂ ನಡುಗುತ್ತಿದ್ದ. ಹೆದರಿದಾಗ ಅವನು ಮನೆಯೊಳಗೆ ಓಡಿ ಬಂದಿದ್ದ.