ನೆಲೆನೀರು

ತಮ್ಮನ ಫೋನು ಬಂದಾಗ ನನ್ನ ಬಾಯಿ ತುಂಬ ಗುಂಡುಸೂಜಿ. ಶಾಲೆ ಶುರುವಾಗುವ ವಾರ, ಸಮವಸ್ತ್ರ ಹೊಲಿಯುವವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ.

"ಅಕ್ಕಾ, ಎಂಜಿನ್ ಕೈಕೊಡ್ತು. ದೋಣಿಗೆ ನೀರು ಬರ್ತಿದೆ. ಗಾಬರಿ ಆಗ್ಬೇಡ, ನೆಲೆನೀರಲ್ಲೇ ಇದ್ದೀನಿ. ಯಾರನ್ನಾದ್ರೂ ಕಳಿಸು. ಅಮ್ಮಂಗೆ ಮಾತ್ರ ಹೇಳ್ಬೇಡ," ಅಂದ.

ಸೂಜಿ ಉಗುಳಿ "ಎಲ್ಲಿದ್ದೀಯೋ ಕತ್ತೆ?" ಎನ್ನುವಷ್ಟರಲ್ಲಿ ಫೋನು ಸತ್ತಿತ್ತು. ಆಮೇಲೆ ಎಷ್ಟು ಒತ್ತಿದರೂ ಸ್ವಿಚ್ ಆಫ್.

ಅವನ ಕಸುಬು ಏಡಿ ಹಿಡಿಯುವುದು. ಒಬ್ಬನೇ ಹೋಗಿ ಏಡಿಬುಟ್ಟಿ ಕಡಲಿಗೆ ಇಳಿಸುತ್ತಾನೆ. ಎಲ್ಲಿ ಎಂದು ಕೇಳಿದರೆ ಹೆತ್ತ ತಾಯಿಗೂ ಬಾಯಿ ಬಿಡುವವನಲ್ಲ. ಜಾಗ ಗೊತ್ತಾದರೆ ಬೇರೆಯವರು ಬಂದು ಬಾಚಿಕೊಳ್ಳುತ್ತಾರಂತೆ. ಮಹಾ ರಾಜರಹಸ್ಯ!

ಕಡಲ ರಕ್ಷಣೆಯವರ ಕಚೇರಿಗೆ ಎದ್ದು ಬಿದ್ದು ಓಡಿದೆ. ಅಲ್ಲಿನ ಅಧಿಕಾರಿ ಮೇಜಿನ ಮೇಲೆ ನಕ್ಷೆ ಹರಡಿದರು.

"ನೆಲೆನೀರು ಅಂದ್ರೇನಮ್ಮ? ಇದರಲ್ಲಿ ಅಂಥ ಹೆಸರೇ ಇಲ್ಲ."

"ನಮ್ಮಪ್ಪ ಕಟ್ಟಿದ ಪದ ಸಾರ್. ಇಳಿದು ನಿಂತ್ರೆ ಕಾಲಿಗೆ ನೆಲ ಸಿಗುತ್ತಲ್ಲ, ದಡದ ಹತ್ರದ ನೀರು, ಅದು. ನಮ್ಮ ಮರಳುದಿಬ್ಬದ ಕಡೆ."

ಹೇಳುವಾಗ ನನಗೆ ಒಂಚೂರು ಜಂಬವೇ ಆಯಿತು. ಅಪ್ಪ ಹೋಗಿ ವರ್ಷಗಳಾದವು, ಅವರ ಪದ ಈಗ ಉಪಯೋಗಕ್ಕೆ ಬರುತ್ತಿದೆ ಅಂತ. ಆ ದಿಬ್ಬದ ಬಳಿ ಅಪ್ಪ ನಮ್ಮನ್ನು ಕಂಕುಳು ಹಿಡಿದು ದೋಣಿಯಿಂದ ಇಳಿಸುತ್ತಿದ್ದರು. ಹೆಬ್ಬೆರಳಿಗೆ ಮರಳು ತಾಗುವವರೆಗೂ ನಾನು ಕಿರುಚುತ್ತಿದ್ದೆ. "ನೆಲೆನೀರು ಕಣೇ, ಹೆದರ್ಬೇಡ" ಎಂದು ನಗುತ್ತಿದ್ದರು.

"ಇರೋದು ಒಂದೇ ದೋಣಿ," ಎಂದರು ಅಧಿಕಾರಿ. "ದಿಬ್ಬ ಈ ಕಡೆ, ಆಳದ ಕಡಲು ಆ ಕಡೆ. ದಿಬ್ಬದ ಹತ್ರಾನೇ ಅಂತ ಗ್ಯಾರಂಟೀನಾ?"

"ನೂರಕ್ಕೆ ನೂರು ಸಾರ್."

ದೋಣಿ ದಿಬ್ಬದ ಕಡೆ ಹೋಯಿತು.

ಅಂಗಡಿಯಲ್ಲಿ ನನ್ನ ಪಕ್ಕದ ಹೊಲಿಗೆ ಮಿಷನ್ನಿನವಳು ಬಾಯಿ ಬಿಟ್ಟಿರಬೇಕು, ಅಮ್ಮ ಏದುಸಿರು ಬಿಡುತ್ತಾ ಕಚೇರಿಗೇ ಬಂದಳು. ನಾನೇ ಧೈರ್ಯ ಹೇಳಿದೆ. "ಏನೂ ಆಗಿಲ್ಲಮ್ಮ. ನೆಲೆನೀರಲ್ಲೇ ಇದ್ದೀನಿ ಅಂದ. ದಿಬ್ಬಕ್ಕೆ ದೋಣಿ ಕಳಿಸಿದ್ದಾರೆ."

ಅಮ್ಮ ನನ್ನ ತೋಳು ಹಿಡಿದಳು. "ಹಾಗೇ ಅಂದ್ನಾ? ಅದೇ ಮಾತು?"

"ಹೂಂ."

"ಅಯ್ಯೋ ಹುಚ್ಚಿ, ದಿಬ್ಬಕ್ಕ್ಯಾಕೆ ಕಳಿಸ್ದೆ?" ಅಮ್ಮ ನೆಲದ ಮೇಲೇ ಕುಕ್ಕರಿಸಿದಳು. "ಮದುವೆಯಾದ ಹೊಸದರಲ್ಲಿ ಕಡಲಿಗೆ ಹೋಗ್ಬೇಡಿ ಅಂತ ಅತ್ತು ರಂಪ ಮಾಡ್ತಿದ್ದೆ. ನನ್ನ ಬಾಯಿ ಮುಚ್ಚಿಸೋಕೆ ನಿಮ್ಮಪ್ಪ ಕಟ್ಟಿದ ಪದ ಅದು. ದಡ ಕಾಣದಷ್ಟು ದೂರ ಹೋಗಿ ಬಂದು 'ನೆಲೆನೀರಲ್ಲೇ ಇದ್ದೆ' ಅನ್ನೋರು. ನಿನ್ನ ತಮ್ಮನೂ ಜೊತೆಗೆ ಹೋಗೋಕೆ ಶುರು ಮಾಡಿದ್ಮೇಲೆ ಇಬ್ರದ್ದೂ ಅದೇ ರಾಗ. ನಾನೂ ನಂಬಿದೋಳ ಹಾಗೆ ಇರ್ತಿದ್ದೆ. ನಿಜವಾಗ್ಲೂ ಕಾಲಿಗೆ ನೆಲ ಸಿಕ್ಕಿದ್ರೆ ಯಾಕೆ ಫೋನ್ ಮಾಡ್ತಾನೆ? ನಡ್ಕೊಂಡು ಬರ್ತಿರ್ಲಿಲ್ವಾ?"

ಮಕ್ಕಳಿಗೆ ಅಪ್ಪ ಆ ಪದದ ಅರ್ಥ ಕಲಿಸಿದ್ದರು, ಹುಟ್ಟಿದ ಕಾರಣ ಹೇಳಿರಲಿಲ್ಲ. ದೋಣಿಯಲ್ಲಿ ಜೊತೆಗಿದ್ದ ತಮ್ಮನಿಗೆ ಅದು ಗೊತ್ತಿತ್ತು. ಅವನು ನನಗೆ ಜಾಗ ಹೇಳಿರಲಿಲ್ಲ, ಸಮಾಧಾನ ಹೇಳಿದ್ದ. ಕೈಗೆ ಸಿಕ್ಕರೆ ಚಚ್ಚಿ ಹಾಕುವಷ್ಟು ಸಿಟ್ಟು ಬಂತು. ಸಿಗಬೇಕಲ್ಲ.

ಅಧಿಕಾರಿ ವೈರ್‌ಲೆಸ್ಸಿನಲ್ಲಿ ದೋಣಿ ತಿರುಗಿಸಲು ಹೇಳಿದರು. ದಿಬ್ಬದ ಬಳಿ ಯಾರೂ ಇಲ್ಲ, ಗಾಳಿ ಜೋರಾಗುತ್ತಿದೆ ಎಂದು ಅಲ್ಲಿಂದ ಉತ್ತರ ಬಂತು. ಎಲ್ಲಿಗೆ ಹೋಗೋಣ ಎಂದೂ ದೋಣಿಯವರು ಕೇಳಿದರು.

"ಅಮ್ಮಾ, ಎಷ್ಟು ದೂರ ಹೋಗ್ತಿದ್ರು ಅವರು? ಯಾವ ಕಡೆಗೆ?" ಅಧಿಕಾರಿ ಅಮ್ಮನ ಮುಂದೆ ಮಂಡಿಯೂರಿ ಕೇಳಿದರು.

"ನಂಗೆ ಹೇಗೆ ಗೊತ್ತಿರುತ್ತಪ್ಪ?" ಎಂದಳು ಅಮ್ಮ. "ಒಂದು ದಿನಾನೂ ನಿಜ ಹೇಳಿಲ್ಲ. ನಾನು ಅಳ್ತೀನಿ ಅಂತ."

ಅಮ್ಮ ಅಳುತ್ತಿರಲಿಲ್ಲ. ವೈರ್‌ಲೆಸ್ಸಿನವರು ಎಲ್ಲಿಗೆ, ಎಲ್ಲಿಗೆ ಎಂದು ಕೇಳುತ್ತಲೇ ಇದ್ದರು. ಅಧಿಕಾರಿ ನನ್ನ ಮುಖ ನೋಡಿದರು, ನಾನು ಅವರದು. ಕೊನೆಗೆ ಅವರು ನಕ್ಷೆಯ ಕಡುನೀಲಿಯ ಮೇಲೆ ಬೆರಳಿಟ್ಟು, ಬಾಯಿಗೆ ಬಂದ ಒಂದು ಜಾಗ ಹೇಳಿದರು.